ಅತ್ತೆಗೆ ಮಂಗಳಾರತಿ, ಸೊಸೆಗೆ ಶಾಸನ: ನಂದಿಯಿಂದ ಆವಣಿಗೆ ಎರಡು ದಿನ

ಪ್ರಶ್ನೆ: ನಾವು ತುಮಕೂರಿನವರು. ಅತ್ತೆಯವರಿಗೆ 71 ವರ್ಷ, ಎರಡೂ ಮಂಡಿಗಳಲ್ಲಿ ನೋವು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ದೇವಸ್ಥಾನಗಳನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ಬಾಡಿಗೆ ವ್ಯಾನಿನವರೊಬ್ಬರು ‘ಒಂದೇ ದಿನದಲ್ಲಿ ಒಂಬತ್ತು ದೇವಸ್ಥಾನ’ ಎಂದು ಪಟ್ಟಿ ಕೊಟ್ಟಿದ್ದಾರೆ: ನಂದಿ, ಕೈವಾರ, ಕೋಲಾರಮ್ಮ, ಸೋಮೇಶ್ವರ, ಅಂತರಗಂಗೆ, ಕೋಟಿಲಿಂಗೇಶ್ವರ, ಬಂಗಾರು ತಿರುಪತಿ, ಕುರುಡುಮಲೆ, ಆವಣಿ. ಇದು ಆಗುವ ಮಾತೇ? ಅತ್ತೆಗೆ ಪೂಜೆ ಮುಖ್ಯ. ನನಗೆ ಹಳೆಯ ಕಲ್ಲಿನ ಕೆಲಸ ನೋಡುವ ಆಸೆ, ಆದರೆ ಎಲ್ಲಿ ಏನು ನೋಡಬೇಕೆಂದು ತಿಳಿಯದು. ಹನ್ನೊಂದು ವರ್ಷದ ಮಗನಿಗೆ ಎರಡೂ ಬೇಡ. ಇನ್ನೊಂದು ಸಂಶಯ: ಶಿವನ ಗುಡಿಯಲ್ಲಿ ಪೂರ್ತಿ ಪ್ರದಕ್ಷಿಣೆ ಹಾಕಬಾರದು ಎನ್ನುತ್ತಾರಲ್ಲ, ಏಕೆ?

ಉತ್ತರ: ಗಾಡಿಯ ಮಟ್ಟಿಗೆ ಹೇಳುವುದಾದರೆ ಆಗುವ ಮಾತೇ. ಒಂಬತ್ತು ಊರುಗಳಲ್ಲಿ ಬ್ರೇಕ್ ಹಾಕಿ, ಒಂಬತ್ತು ಕಡೆ ಚಪ್ಪಲಿ ಬಿಡಿಸಿ, ರಾತ್ರಿ ಹನ್ನೊಂದಕ್ಕೆ ನಿಮ್ಮನ್ನು ಮನೆಯ ಮುಂದೆ ಇಳಿಸಬಹುದು. ಆದರೆ ದೇವರ ಮಟ್ಟಿಗೆ ಆಗುವುದಿಲ್ಲ. ಈ ಭಾಗದ ಗುಡಿಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡೂವರೆ, ಒಂದು ಗಂಟೆಯ ಹೊತ್ತಿಗೆ ಗರ್ಭಗುಡಿಯ ಬಾಗಿಲು ಹಾಕಿದರೆ ತೆರೆಯುವುದು ಸಂಜೆ ನಾಲ್ಕೂವರೆ, ಐದರ ಮೇಲೆ. ನಿಮ್ಮ ಪಟ್ಟಿಯ ದಾರಿಯೇ ಹೋಗಿ ಬರಲು ನಾನೂರು ಕಿಲೋಮೀಟರಿನ ಆಸುಪಾಸು ಇದೆ. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಮೂರು ಗುಡಿ ಸಿಕ್ಕಿದರೆ ಪುಣ್ಯ. ನಡುವಿನ ಮೂರರಲ್ಲಿ ನಿಮ್ಮ ಅತ್ತೆ ಮುಚ್ಚಿದ ಬಾಗಿಲಿಗೆ ಕೈಮುಗಿಯುತ್ತಾರೆ. ಕೊನೆಯ ಮೂರರಲ್ಲಿ ಗಾಡಿಯಿಂದ ಇಳಿಯುವುದೇ ಬೇಡ ಎನ್ನುತ್ತಾರೆ.

ಇದನ್ನು ಊಹಿಸಿ ಬರೆಯುತ್ತಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ತಾಯಿಯನ್ನು ಇದೇ ಸೀಮೆಯಲ್ಲಿ ಒಂದು ದಿನಕ್ಕೆ ಎಂಟು ಗುಡಿ ಸುತ್ತಿಸಿದ ಮಹಾನುಭಾವ ನಾನೇ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಒಂದು ಪ್ರಾಕಾರದ ಹಾಸುಗಲ್ಲು ಕಾದ ಕಾವಲಿಯಂತಿತ್ತು. ಅಮ್ಮ ಸೆರಗನ್ನು ನೆಲಕ್ಕೆ ಹಾಸಿ ಅದರ ಮೇಲೆ ನಿಂತುಕೊಂಡರು. ಬಾಗಿಲು ಹಾಕಿತ್ತು. ರಾತ್ರಿ ಮನೆಗೆ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಆ ದೊಡ್ಡ ಗಣಪತಿ ಇದ್ದ ಊರೂ ಸೀತಮ್ಮ ಇದ್ದ ಊರೂ ಒಂದೇನೋ?’ ಕುರುಡುಮಲೆಯೂ ಆವಣಿಯೂ ಅವರ ತಲೆಯಲ್ಲಿ ಒಂದಾಗಿ ಹೋಗಿದ್ದವು. ಅಂದಿನಿಂದ ನನ್ನ ಜೊತೆ ಬರುವವರಿಗೆ ದಿನಕ್ಕೆ ಮೂರು ಗುಡಿಯ ಮೇಲೆ ತೋರಿಸಿಲ್ಲ. ಹಿರಿಯರಿದ್ದರೆ ಎರಡೂವರೆ. ಅರ್ಧ ಎಂದರೆ ಹೊರಗಿನಿಂದ ಕೈಮುಗಿದು ಬರುವುದು.

ಎರಡು ದಿನ ಇಟ್ಟುಕೊಳ್ಳಿ. ಬಾಗಿಲು ತೆರೆದಿರುವ ಹೊತ್ತನ್ನು ಅತ್ತೆಗೆ ಬಿಟ್ಟುಕೊಡಿ, ಹಾಕಿರುವ ಹೊತ್ತನ್ನು ನೀವು ಇಟ್ಟುಕೊಳ್ಳಿ. ಮಂಗಳಾರತಿಯ ನೂಕುನುಗ್ಗಲಿನಲ್ಲಿ ಕಂಬದ ಕೆತ್ತನೆ ನೋಡುತ್ತಾ ನಿಂತರೆ ಹಿಂದಿನವರು ಬೈಯುತ್ತಾರೆ, ಅದು ನ್ಯಾಯವೇ. ಜನ ಚದುರಿ, ಅರ್ಚಕರು ಬೀಗ ಹಾಕಿಕೊಂಡು ಊಟಕ್ಕೆ ಹೋದಾಗ ಕಲ್ಲು ನಿಮ್ಮದಾಗುತ್ತದೆ. ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ದೊಡ್ಡ ಗುಡಿಗಳಲ್ಲಿ ಪ್ರಾಕಾರ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅತ್ತೆ ಮಂಟಪದ ಜಗಲಿಯ ನೆರಳಿನಲ್ಲಿ ಕಾಲು ಚಾಚಿ ಕೂರಲಿ, ನೀವು ಗೋಡೆ ಸುತ್ತಿ.

ಮೊದಲ ದಿನ ನಂದಿ. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ತಿರುಗುವ ತಪ್ಪು ಮಾಡಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಎರಡು ಗಂಟೆಯೊಳಗೆ ನಂದಿ ಗ್ರಾಮದಲ್ಲಿರುತ್ತೀರಿ. ಐದೂವರೆಗೆ ಹೊರಡಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಳ್ಳುವ ಆಸೆ ಇದ್ದರೆ ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಆ ಹೊತ್ತಿಗೆ ಎಲ್ಲ ಕಡೆ ಒಲೆ ಹತ್ತಿರುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಬೇಡ. ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬರುವ ವಾಹನಗಳು ಬೆಟ್ಟದ ದಾರಿಯನ್ನೇ ಕಟ್ಟಿಹಾಕುತ್ತವೆ. ಬೆಟ್ಟದ ಮೇಲಿನ ಯೋಗನಂದೀಶ್ವರನಿಗೆ ನೀವು ಕೆಳಗಿನಿಂದಲೇ ಕೈಮುಗಿಯಿರಿ. ಅವನು ಎಲ್ಲವನ್ನೂ ಬಿಟ್ಟು ಕುಳಿತವನು, ಬೇಸರಪಟ್ಟುಕೊಳ್ಳುವುದಿಲ್ಲ.

ಇದು ತಮಾಷೆಗೆ ಹೇಳಿದ ಮಾತಲ್ಲ, ನಂದಿಯ ಕ್ರಮವೇ ಹಾಗಿದೆ. ಕೆಳಗಿನ ದೇವಾಲಯ ಸಮುಚ್ಚಯದಲ್ಲಿ ಮೂರು ಗುಡಿಗಳು: ಅರುಣಾಚಲೇಶ್ವರ ಶಿವನ ಬಾಲ್ಯ, ಉಮಾಮಹೇಶ್ವರ ಅವನ ಮದುವೆ, ಭೋಗನಂದೀಶ್ವರ ಯೌವನ. ಬೆಟ್ಟದ ತುದಿಯಲ್ಲಿರುವುದು ವೈರಾಗ್ಯ. ಹಾಗಾಗಿ ಉತ್ಸವ, ತೇರು, ಸಂಭ್ರಮವೆಲ್ಲ ಕೆಳಗೆ, ಮೇಲೆ ಅಂಥದ್ದಿಲ್ಲ. ಹೊಸದಾಗಿ ಮದುವೆಯಾದವರು ಇಲ್ಲಿಗೆ ಬರುವುದೂ ಈ ಕಥೆಯಿಂದಲೇ. ನಿಮ್ಮ ಅತ್ತೆಗೆ ಇದನ್ನು ಮೊದಲೇ ಹೇಳಿಡಿ. ಯಾವ ಲಿಂಗದ ಮುಂದೆ ಯಾವ ಶಿವನನ್ನು ನೆನೆಯಬೇಕೆಂದು ಗೊತ್ತಿದ್ದರೆ ಮೂರು ಗುಡಿ ಮೂರಾಗಿಯೇ ಮನಸ್ಸಿನಲ್ಲಿ ಉಳಿಯುತ್ತವೆ, ನನ್ನ ಅಮ್ಮನಿಗೆ ಆದಂತೆ ಕಲಸಿಕೊಳ್ಳುವುದಿಲ್ಲ.

ಪೂಜೆ ಮುಗಿದ ಮೇಲೆ ನೀವು ಉಮಾಮಹೇಶ್ವರದ ಮುಂದಿನ ಕಲ್ಯಾಣಮಂಟಪಕ್ಕೆ ಹೋಗಿ. ಎರಡು ದೊಡ್ಡ ಗುಡಿಗಳ ನಡುವೆ ಸಿಕ್ಕಿಕೊಂಡಂತಿರುವ ಸಣ್ಣ ಜಾಗ ಅದು. ಅಲ್ಲಿನ ಕರಿಕಲ್ಲಿನ ನಾಲ್ಕು ಕಂಬಗಳಿಗೆ ಈ ಸೀಮೆಯಲ್ಲಿ ಜೋಡಿಯಿಲ್ಲ. ಶಿವ ಪಾರ್ವತಿಯರು, ಬ್ರಹ್ಮ ಸರಸ್ವತಿಯರು, ವಿಷ್ಣು ಲಕ್ಷ್ಮಿಯರು, ಅಗ್ನಿ ಸ್ವಾಹಾದೇವಿಯರು, ಹೀಗೆ ದಂಪತಿಗಳೇ ಮದುವೆಗೆ ಬಂದು ನಿಂತಿದ್ದಾರೆ. ಒಂಟಿಯಾಗಿ ಬಂದ ದೇವರಿಲ್ಲ. ಸುತ್ತ ಬಳ್ಳಿ, ಬಳ್ಳಿಯಲ್ಲಿ ಹಕ್ಕಿ. ಮಗನನ್ನು ಇಲ್ಲೇ ಕೆಲಸಕ್ಕೆ ಹಚ್ಚಿ: ಹಕ್ಕಿ ಎಷ್ಟಿವೆ, ಎಣಿಸು. ಅವನು ಹೇಳುವ ಲೆಕ್ಕ ತಪ್ಪಾಗಿಯೇ ಇರುತ್ತದೆ, ನನಗೂ ಎರಡು ಸಲ ಒಂದೇ ಸಂಖ್ಯೆ ಬಂದಿಲ್ಲ.

ಅಲ್ಲಿಂದ ಹೊರಗೆ ಬಂದು ಭೋಗನಂದೀಶ್ವರದ ಗೋಡೆಯ ಜಾಲಂಧ್ರಗಳನ್ನು ನೋಡಿ. ಕಲ್ಲಿನಲ್ಲಿ ತೂತು ಕೊರೆದು ಮಾಡಿದ ಕಿಟಕಿಗಳು. ತೆಂಕಣ ಗೋಡೆಯ ಕಿಟಕಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಬಡಗಣ ಗೋಡೆಯದರಲ್ಲಿ ದುರ್ಗೆ ನಿಂತಿದ್ದಾಳೆ. ಹೊರಗಿನಿಂದ ನೋಡಿದರೆ ಶಿಲ್ಪ, ಒಳಗಿನ ಕತ್ತಲೆಯಿಂದ ನೋಡಿದರೆ ಅದೇ ಶಿಲ್ಪ ಬೆಳಕಿನ ಗೆರೆಯಾಗಿ ಕಾಣುತ್ತದೆ. ಒಳಗೆ ದರ್ಶನಕ್ಕೆ ನಿಂತಾಗ ಒಮ್ಮೆ ಪಕ್ಕಕ್ಕೆ ತಿರುಗಿ ನೋಡುವುದನ್ನು ಮರೆಯಬೇಡಿ. ಈ ಜಾಗದ ಶಿವಾಲಯವನ್ನು ಹೇಳುವ ಅತಿ ಹಳೆಯ ಶಾಸನ ಕ್ರಿ.ಶ. 806ರ ಸುಮಾರಿನದು, ನೊಳಂಬರ ಕಾಲದ್ದು. ಆಮೇಲೆ ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಎಲ್ಲರೂ ಒಂದೊಂದು ಕೈ ಹಾಕಿದ್ದಾರೆ. ಹಳೆಯದನ್ನು ಕೆಡವದೆ ಪಕ್ಕದಲ್ಲಿ ತಮ್ಮದನ್ನು ಸೇರಿಸಿದ್ದಾರೆ. ಈಗ ನಮ್ಮೂರುಗಳಲ್ಲಿ ನಡೆಯುವ ಜೀರ್ಣೋದ್ಧಾರಗಳಲ್ಲಿ ಹಳೆಯ ಕಲ್ಲುಗುಡಿಗೆ ಟೈಲ್ಸ್ ಹಾಕಿ ಆಯಿಲ್ ಪೇಂಟ್ ಬಳಿಯುವವರು ನಂದಿಗೆ ಬಂದು ಅರ್ಧ ದಿನ ಕೂತು ಹೋಗಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹಿಂದಿರುವ ಶೃಂಗಿತೀರ್ಥ ಎಂಬ ಕಲ್ಯಾಣಿಯನ್ನು ಅತ್ತೆಗೂ ತೋರಿಸಿ, ಮೆಟ್ಟಿಲು ಮಾತ್ರ ಇಳಿಸಬೇಡಿ. ಮೇಲಿನ ಸಾಲಿನಲ್ಲಿ ಕುಳಿತರೆ ಸಾಕು.

ಈಗ ನಿಮ್ಮ ಪ್ರದಕ್ಷಿಣೆಯ ಪ್ರಶ್ನೆ. ಅದಕ್ಕೆ ಉತ್ತರವನ್ನು ನಂದಿಯಲ್ಲಿ ನಿಂತೇ ಕಣ್ಣಿನಿಂದ ನೋಡಬಹುದು. ಗರ್ಭಗುಡಿಯ ಹೊರಗೋಡೆಯ ಬಡಗಣ ಬದಿಯಲ್ಲಿ, ಪೀಠದ ಮಟ್ಟದಲ್ಲಿ ಒಂದು ಕಲ್ಲಿನ ದೋಣಿ ಹೊರಚಾಚಿರುತ್ತದೆ. ಲಿಂಗಕ್ಕೆ ಮಾಡಿದ ಅಭಿಷೇಕದ ನೀರು ಹೊರಗೆ ಬರುವ ದಾರಿ ಅದು. ಪ್ರಣಾಲ ಎನ್ನುತ್ತಾರೆ, ರೂಢಿಯಲ್ಲಿ ಗೋಮುಖ. ಆ ನೀರು ಹರಿಯುವ ಗೆರೆಗೆ ಸೋಮಸೂತ್ರ ಎಂದು ಹೆಸರು. ಅದು ದೇವರ ಮೈಮೇಲಿನಿಂದ ಇಳಿದ ತೀರ್ಥ, ಅದನ್ನು ಕಾಲಿನಿಂದ ದಾಟಬಾರದು ಎಂಬುದು ಭಾವನೆ. ಆದ್ದರಿಂದ ಎಡಗಡೆಯಿಂದ ಹೊರಟು ಪ್ರಣಾಲದವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗಿ, ನಂದಿಯ ಮುಂದೆ ಹಾದು, ಇನ್ನೊಂದು ಬದಿಯಿಂದ ಪ್ರಣಾಲದವರೆಗೆ ಹೋಗಿ ಮರಳುವುದು ಕ್ರಮ. ನೀರು ನೆಲದ ಕೆಳಗೆ ಮುಚ್ಚಿದ ಕಾಲುವೆಯಲ್ಲಿ ಹರಿಯುತ್ತಿದ್ದರೆ ದಾಟಬಹುದೆಂದು ಅನೇಕ ಕಡೆ ಒಪ್ಪುತ್ತಾರೆ. ದೊಡ್ಡ ಪ್ರಾಕಾರದ ಸುತ್ತ ಹೊರಗಿನಿಂದ ಸುತ್ತುವವರೂ ಈ ನಿಯಮಕ್ಕೆ ಅಷ್ಟು ಕಟ್ಟುಬೀಳುವುದಿಲ್ಲ. ಮಂಡಿ ನೋವಿನವರಿಗೆ ಈ ಶಾಸ್ತ್ರದಲ್ಲಿ ಒಂದು ಕಷ್ಟವಿದೆ, ಅರ್ಧ ಎಂದು ಹೆಸರಿದ್ದರೂ ನಡಿಗೆ ಕಡಿಮೆಯೇನೂ ಆಗುವುದಿಲ್ಲ. ನಿಂತಲ್ಲೇ ಆತ್ಮಪ್ರದಕ್ಷಿಣೆ ಮಾಡಿಕೊಳ್ಳಲು ಅತ್ತೆಗೆ ಹೇಳಿ. ಅದಕ್ಕೂ ಶಾಸ್ತ್ರದ ಒಪ್ಪಿಗೆ ಇದೆ.

ಹನ್ನೊಂದಕ್ಕೆ ನಂದಿ ಬಿಡಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಮೇಲೆ ಕೈವಾರಕ್ಕೆ. ಶಿಡ್ಲಘಟ್ಟದ ಸುತ್ತ ದಾರಿಯ ಎರಡೂ ಕಡೆ ಹಿಪ್ಪುನೇರಳೆ ತೋಟಗಳು ಕಾಣುತ್ತವೆ, ರೇಷ್ಮೆಗೂಡಿನ ಮಾರುಕಟ್ಟೆಯ ಊರು ಅದು. ಕೈವಾರವನ್ನು ಮಧ್ಯಾಹ್ನಕ್ಕೆ ಇಟ್ಟಿರುವುದಕ್ಕೆ ಕಾರಣ ಮಠದ ದಾಸೋಹ. ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿ ನಾರೇಯಣ ಯತೀಂದ್ರರಾದ ಊರಿದು. ತೆಲುಗಿನಲ್ಲೂ ಕನ್ನಡದಲ್ಲೂ ತತ್ತ್ವಪದ ಹಾಡಿದವರು, ಅವರ ಕಾಲಜ್ಞಾನ ಈ ಸೀಮೆಯ ಮುದುಕರ ಬಾಯಲ್ಲಿ ಇಂದಿಗೂ ಇದೆ. ಸಿದ್ಧಗಂಗೆಯ ಪಂಕ್ತಿಯಲ್ಲಿ ಕೂತು ಅಭ್ಯಾಸವಿರುವ ತುಮಕೂರಿನವರಿಗೆ ಇಲ್ಲಿ ಏನೂ ಹೊಸದೆನಿಸುವುದಿಲ್ಲ. ಅಮರನಾರೇಯಣ ಸ್ವಾಮಿಯ ಗುಡಿ, ಭೀಮಲಿಂಗೇಶ್ವರ ಎರಡೂ ಊರೊಳಗೇ ಇವೆ. ಇದೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಮಗನಿಗೆ ಬಂಡಿ ತುಂಬ ಅನ್ನದ ಕಥೆಯನ್ನು ಊಟದ ಎಲೆಯ ಮುಂದೆಯೇ ಹೇಳಿ. ಊಟವಾದ ಮೇಲೆ ನೆರಳಿನಲ್ಲಿ ಒಂದು ಗಂಟೆ ಮಲಗಿ ಎದ್ದು ಕೋಲಾರಕ್ಕೆ ಹೊರಡಿ. ರಾತ್ರಿ ತಂಗುವುದು ಕೋಲಾರದಲ್ಲಿ.

ಅತ್ತೆಗೆ ಶಕ್ತಿ ಉಳಿದಿದ್ದರೆ ಸಂಜೆ ಆರಕ್ಕೆ ಸೋಮೇಶ್ವರ. ವಿಜಯನಗರ ಕಾಲದ ಗುಡಿ, ಎತ್ತರದ ಗೋಪುರ, ಚೆಂದದ ಕಲ್ಯಾಣಮಂಟಪ. ಇಲ್ಲದಿದ್ದರೆ ಬಿಡಿ.

ಎರಡನೆಯ ದಿನ ಬೆಳಿಗ್ಗೆ ಬೇಗ ಕೋಲಾರಮ್ಮ. ನನಗೆ ಇಷ್ಟದ ಗುಡಿ ಯಾವುದು ಎಂದು ಕೇಳಿದರೆ ನಂದಿಯನ್ನು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ. ಎತ್ತರವಿಲ್ಲ, ದೂರದಿಂದ ನೋಡಿದರೆ ಊರಿನ ಮನೆಗಳ ನಡುವೆ ಇರುವುದೇ ತಿಳಿಯುವುದಿಲ್ಲ. ಒಳಗೆ ಹೋದರೆ ಸಾವಿರ ವರ್ಷದ ಕತ್ತಲೆ. ಕೋಲಾರಕ್ಕೆ ಹಳೆಯ ಹೆಸರು ಕುವಲಾಲ. ತಲಕಾಡಿಗೆ ಹೋಗುವುದಕ್ಕೆ ಮುಂಚೆ ಗಂಗರ ರಾಜಧಾನಿ ಇದೇ. ಆಮೇಲೂ ಅವರು ‘ಕುವಲಾಲಪುರವರಾಧೀಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. 11ನೆಯ ಶತಮಾನದ ಮೊದಲಿಗೆ ಗಂಗರು ಸೋತು ಈ ಸೀಮೆ ಚೋಳರ ಕೈಸೇರಿ ‘ನಿಕರಿಲಿಚೋಳಮಂಡಲ’ವಾಯಿತು. ಇಟ್ಟಿಗೆಯಲ್ಲಿದ್ದ ಭಾಗಗಳನ್ನು ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿಸಿದರು. ಗುಡಿಯ ನಕ್ಷೆಯೇ ಬೇರೆ ರೀತಿ, ಒಂದಕ್ಕೊಂದು ಮೂಲೆಯಾಗಿ ಎರಡು ಗರ್ಭಗುಡಿ. ಸಪ್ತಮಾತೃಕೆಯರಿದ್ದಾರೆ. ಚೇಳಮ್ಮನಿದ್ದಾಳೆ, ಅವಳಿಗೆ ನಡೆದುಕೊಂಡವರಿಗೆ ಚೇಳು ಕಡಿಯುವುದಿಲ್ಲ ಎಂಬ ನಂಬಿಕೆ. ನೆಲದ ಕಲ್ಲಿನಲ್ಲೇ ಕೊರೆದ ಹಳೆಯ ಕಾಣಿಕೆ ಹುಂಡಿ ಇದೆ, ಮಗನ ಕೈಯಿಂದ ಒಂದು ನಾಣ್ಯ ಹಾಕಿಸಿ. ನಾಣ್ಯ ಬೀಳುವ ಸದ್ದಿಗೆ ಕಿವಿಗೊಟ್ಟು ನಿಲ್ಲದ ಮಕ್ಕಳನ್ನು ನಾನು ನೋಡಿಲ್ಲ.

ನೀವು ಕೇಳಿದ ‘ಏನು ನೋಡಬೇಕು’ ಎಂಬುದಕ್ಕೆ ಇಲ್ಲಿ ಸರಿಯಾದ ಪಾಠ ಸಿಗುತ್ತದೆ. ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೀವು ತಲೆ ತಗ್ಗಿಸಿ. ಗೋಡೆಯ ಬುಡದಲ್ಲಿ, ಅಧಿಷ್ಠಾನ ಎನ್ನುವ ಕಲ್ಲಿನ ಪೀಠದ ಪಟ್ಟಿಕೆಗಳ ಮೇಲೆ ಸಾಲುಸಾಲಾಗಿ ಅಕ್ಷರಗಳಿವೆ. ತಮಿಳು ಲಿಪಿ, ಜೊತೆಗೆ ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿ. ಓದಲು ಬರಬೇಕಿಲ್ಲ, ಕಾಣಬೇಕು ಅಷ್ಟೇ. ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಬೆಳ್ಳಗೆ ಹೊಳೆದು ಏನೂ ಕಾಣುವುದಿಲ್ಲ. ಗೋಡೆಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ತಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಬೋಳಾಗಿದ್ದ ಕಲ್ಲಿನಿಂದ ಅಕ್ಷರಗಳು ನೆರಳು ಹೊತ್ತು ಎದ್ದು ನಿಲ್ಲುತ್ತವೆ. ಮೊಬೈಲ್ ಬೇಕೆನ್ನುವ ನಿಮ್ಮ ಮಗನ ಕೈಗೆ ಅದನ್ನು ಕೊಡುವ ಜಾಗ ಇದೇ. ಹೊರಗೋಡೆಯಾದರೆ ಟಾರ್ಚಿನ ಅಗತ್ಯವೂ ಇಲ್ಲ, ಬೆಳಗಿನ ಎಳೆಬಿಸಿಲು ಓರೆಯಾಗಿ ಬಿದ್ದು ಆ ಕೆಲಸ ಮಾಡುತ್ತದೆ. ಸುಣ್ಣದ ಪುಡಿ, ಸೀಮೆಸುಣ್ಣ, ವಿಭೂತಿ ಏನನ್ನೂ ಅಕ್ಷರಕ್ಕೆ ತುಂಬಬೇಡಿ. ಹಾಗೆ ಮಾಡುವವರು ಇದ್ದಾರೆ, ಬೇಸರವಾಗುತ್ತದೆ.

ಆ ಅಕ್ಷರಗಳಲ್ಲಿ ಯುದ್ಧದ ಬಿರುದುಗಳು ಇರುವುದು ನಿಜ. ಉಳಿದದ್ದೆಲ್ಲ ಲೆಕ್ಕಪತ್ರ. ದೇವರ ನೈವೇದ್ಯಕ್ಕೆ ಎಷ್ಟು ಅಕ್ಕಿ, ಸೇವೆಯವರಿಗೆ ಎಷ್ಟು ಭತ್ತ, ದೀಪಕ್ಕೆ ಎಷ್ಟು ತುಪ್ಪ. ಚೋಳರ ಕಾಲದ ಶಾಸನಗಳಲ್ಲಿ ಒಂದು ನಂದಾದೀಪ ಇಟ್ಟವರು ಗುಡಿಗೆ 90 ಅಥವಾ 96 ಕುರಿಗಳನ್ನು ಕೊಡುವುದು ವಾಡಿಕೆ. ಕುರುಬರು ಆ ಮಂದೆಯನ್ನು ಸಾಕಿಕೊಂಡು ದಿನವೂ ಗೊತ್ತಾದ ಅಳತೆಯ ತುಪ್ಪವನ್ನು ದೀಪಕ್ಕೆ ಅಳೆಯಬೇಕು. ಆ ಮಂದೆಗೆ ಶಾಸನದ ತಮಿಳಿನಲ್ಲಿ ‘ಸಾಯದ, ಮುಪ್ಪಾಗದ ಕುರಿಗಳು’ ಎಂಬರ್ಥದ ಹೆಸರಿದೆ. ಸತ್ತಷ್ಟನ್ನು ಮರಿಗಳು ತುಂಬಿಕೊಡುವುದರಿಂದ ಲೆಕ್ಕದಲ್ಲಿ ಅವು ಎಂದೂ ಸಾಯುವುದಿಲ್ಲ. ಬ್ಯಾಂಕಿನಲ್ಲಿ ಶಾಶ್ವತ ಸೇವೆಯ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳುವ ನಮಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ನಿಮ್ಮ ಅತ್ತೆ ಹಚ್ಚುವ ತುಪ್ಪದ ಬತ್ತಿಗೂ ಗೋಡೆಯ ಬುಡದ ಆ ಸಾಲುಗಳಿಗೂ ಇರುವ ನೆಂಟು ಇದು. ಇದನ್ನು ಅವರಿಗೆ ಹೇಳಿ ನೋಡಿ, ಕಲ್ಲಿನ ಕೆಲಸದಲ್ಲಿ ಅವರಿಗೂ ಆಸಕ್ತಿ ಹುಟ್ಟುತ್ತದೆ. ಮುಂದೆ ಓದಬೇಕೆನಿಸಿದರೆ ಬಿ.ಎಲ್. ರೈಸ್ ಅವರು ಸಂಗ್ರಹಿಸಿದ ಶಾಸನ ಸಂಪುಟಗಳಲ್ಲಿ ಕೋಲಾರ ಜಿಲ್ಲೆಯದು ಹತ್ತನೆಯದು, ನಿಮ್ಮ ತುಮಕೂರಿನದು ಹನ್ನೆರಡನೆಯದು.

ಕೋಲಾರದಿಂದ ಮುಳಬಾಗಿಲು ಮೂವತ್ತು ಕಿಲೋಮೀಟರು. ತಿಂಡಿ ಅಲ್ಲೇ, ಮುಳಬಾಗಿಲು ದೋಸೆಯನ್ನು ತಿನ್ನದೆ ಮುಂದೆ ಹೋದವರ ಯಾತ್ರೆ ಪೂರ್ತಿಯಾಯಿತೆಂದು ನಾನು ಒಪ್ಪುವುದಿಲ್ಲ. ಊರಿನ ಆಂಜನೇಯ, ಹೊರಗಿನ ನರಸಿಂಹತೀರ್ಥದಲ್ಲಿರುವ ಶ್ರೀಪಾದರಾಜರ ವೃಂದಾವನ ಎರಡೂ ಇವೆ. ದಾಸರ ಪದ ಹಾಡುವ ಅತ್ತೆಯಾದರೆ ವೃಂದಾವನಕ್ಕೆ ಅರ್ಧ ಗಂಟೆ ಕೊಡಿ. ವ್ಯಾಸರಾಯರ ಗುರುಗಳು ಶ್ರೀಪಾದರಾಜರು.

ಅಲ್ಲಿಂದ ಸುಮಾರು ಹತ್ತು ಕಿಲೋಮೀಟರು ಕುರುಡುಮಲೆ. ಹದಿಮೂರೂವರೆ ಅಡಿಯ ಏಕಶಿಲಾ ಗಣಪತಿ. ಕತ್ತಲೆಯ ನವರಂಗದಿಂದ ಒಳಗೆ ನೋಡಿದಾಗ ಮೊದಲು ಹೊಟ್ಟೆ ಮಾತ್ರ ಕಂಡು, ಆಮೇಲೆ ತಲೆಯೆತ್ತಿದಾಗ ಮುಖ ಸಿಗುತ್ತದೆ. ಹರಿಹರ ಬ್ರಹ್ಮರು ಕೂಡಿ ಪ್ರತಿಷ್ಠಾಪಿಸಿದರೆಂದು ಸ್ಥಳಪುರಾಣ, ಅವರು ಕೂಡಿದ್ದರಿಂದ ‘ಕೂಡುಮಲೆ’ಯಾಗಿ ಅದು ಕುರುಡುಮಲೆಯಾಯಿತು ಎನ್ನುತ್ತಾರೆ. ಹೆಚ್ಚಿನವರು ಇಷ್ಟಕ್ಕೇ ಹಿಂತಿರುಗುತ್ತಾರೆ. ಹತ್ತಿರವೇ ಇರುವ ಸೋಮೇಶ್ವರ ಗುಡಿ ಖಾಲಿ ಇರುತ್ತದೆ, ನಿಮಗೆ ಬೇಕಾದದ್ದು ಅದು. ಅರ್ಧ ಭಾಗ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣನದು ಎಂದು ಊರವರು ತೋರಿಸುತ್ತಾರೆ. ಚೋಳರ ಕಾಲದ ಗುಡಿಗೆ ಹೊಯ್ಸಳರ ಕಥೆಯ ಶಿಲ್ಪಿ ಹೇಗೆ ಬಂದ ಎಂದು ಕೇಳಬೇಡಿ. ಜಕಣಾಚಾರಿ ಎಂಬುದು ಒಬ್ಬನ ಹೆಸರಲ್ಲ, ‘ದಕ್ಷಿಣಾಚಾರಿ’ ಎಂಬ ಶಿಲ್ಪಿಗಳ ಕುಲನಾಮದಿಂದ ಬಂದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಆದರೂ ಊರವರ ಮಾತನ್ನು ತಳ್ಳಿಹಾಕಬೇಡಿ. ಎರಡು ಬದಿಯ ಕೆಲಸದಲ್ಲಿ ವ್ಯತ್ಯಾಸವಿರುವುದನ್ನು ಅವರ ಕಣ್ಣು ಗುರುತಿಸಿದೆ, ಅದಕ್ಕೊಂದು ಕಥೆ ಕೊಟ್ಟಿದ್ದಾರೆ. ಆ ವ್ಯತ್ಯಾಸವನ್ನು ನೀವೇ ಹುಡುಕಿ, ಎಲ್ಲಿದೆಯೆಂದು ನಾನು ಹೇಳಿದರೆ ಆಟ ಕೆಡುತ್ತದೆ.

ಕೊನೆಯದು ಆವಣಿ, ಮುಳಬಾಗಿಲಿನ ಇನ್ನೊಂದು ದಿಕ್ಕಿಗೆ. ವಾಲ್ಮೀಕಿಯ ಆಶ್ರಮ, ಲವಕುಶರು ಹುಟ್ಟಿದ ಜಾಗ ಎಂದು ನಂಬಿಕೆ. ಮಕ್ಕಳ ಮೇಲೆಯೇ ಯುದ್ಧ ಮಾಡಿದ ಪಾಪ ಕಳೆಯಲು ಅಣ್ಣತಮ್ಮಂದಿರು ಒಬ್ಬೊಬ್ಬರೂ ಒಂದೊಂದು ಲಿಂಗ ಸ್ಥಾಪಿಸಿದರಂತೆ: ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಒಂದೇ ಪ್ರಾಕಾರದೊಳಗೆ ಇವೆಲ್ಲ ಸಮತಟ್ಟಾಗಿ ಇರುವುದರಿಂದ ಮಂಡಿಯವರಿಗೆ ಈ ಯಾತ್ರೆಯಲ್ಲೇ ಸುಖವಾದ ಜಾಗ. ಸೀತಮ್ಮನ ಗುಡಿ ಮಾತ್ರ ಬೆಟ್ಟದ ಮೇಲಿದೆ. ಅತ್ತೆ ಹಟ ಮಾಡಿದರೂ ಹತ್ತಿಸಬೇಡಿ. ನೀವು, ಮಗ ಹೋಗಿ ಕುಂಕುಮ ತನ್ನಿ.

ಇಲ್ಲಿನ ಮುಖ್ಯ ಕೆಲಸ 10ನೆಯ ಶತಮಾನದ ನೊಳಂಬರದು, ಗೋಡೆಯ ಕೆತ್ತನೆ ಹೆಚ್ಚು ಇರುವುದು ಲಕ್ಷ್ಮಣೇಶ್ವರದಲ್ಲಿ. ನನ್ನನ್ನು ಪ್ರತಿ ಸಲ ನಿಲ್ಲಿಸುವುದು ಮಾತ್ರ ಒಬ್ಬ ತಪಸ್ವಿಯ ಸುದ್ದಿ. ತ್ರಿಭುವನಕರ್ತಾರ ಎಂದು ಹೆಸರು. ಅದೇ 10ನೆಯ ಶತಮಾನದಲ್ಲಿ ನಲವತ್ತು ವರ್ಷ ಆವಣಿಯ ಸ್ಥಾನವನ್ನು, ಅಂದರೆ ಇಲ್ಲಿನ ಧರ್ಮಕ್ಷೇತ್ರವನ್ನು ನಡೆಸಿ, ಐವತ್ತು ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದ ಎಂದು ಶಾಸನ ಹೇಳುತ್ತದೆ. ಐವತ್ತು ಗುಡಿಯ ಜೊತೆಗೆ ಎರಡು ಕೆರೆಯನ್ನು ಎಣಿಸಿ ಬರೆಸಿದ್ದನ್ನು ಗಮನಿಸಿ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೂ ಧೂಳು ಬರುವ ಊರುಗಳಲ್ಲಿ ನಿಂತು ಓದಿದರೆ ಆ ಸಾಲಿನ ತೂಕ ತಿಳಿಯುತ್ತದೆ. ಹಾಗಾಗಿ ಈ ಜಿಲ್ಲೆಯಲ್ಲಿ ಯಾವ ಗುಡಿಗೆ ಹೋದರೂ ಅದರ ಕೆರೆಯೋ ಕಲ್ಯಾಣಿಯೋ ಎಲ್ಲಿದೆ ಎಂದು ಕೇಳಿ ನೋಡಿ ಬರುವುದು ನನ್ನ ಅಭ್ಯಾಸ.

ಬಿಟ್ಟವುಗಳ ಬಗ್ಗೆ ಎರಡು ಮಾತು. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ, ನೋಡಲೇಬೇಕಾದ ಜಾಗ. ಆದರೆ ಮೆಟ್ಟಿಲು ನೂರಾರು, ಕೋತಿಗಳು ಅದಕ್ಕಿಂತ ಹೆಚ್ಚು. ಬಾಳೆಹಣ್ಣು, ಕಾಯಿ ಇರುವ ಕೈಚೀಲ ಕಂಡರೆ ಕಸಿದುಕೊಳ್ಳುತ್ತವೆ. ಕಮ್ಮಸಂದ್ರದ ಕೋಟಿಲಿಂಗೇಶ್ವರ 1980ರಲ್ಲಿ ಆರಂಭವಾದದ್ದು, 108 ಅಡಿಯ ಲಿಂಗ, ಸುತ್ತ ಭಕ್ತರು ಇಡಿಸಿದ ಲಿಂಗಗಳ ಸಾಗರ. ಹಳೆಯ ಕಲ್ಲಿನ ಕೆಲಸ ಬೇಕೆನ್ನುವ ನಿಮಗೆ ಅಲ್ಲಿ ಕೆಲಸವಿಲ್ಲ. ಮಗನಿಗೆ ಮಾತ್ರ ಎಲ್ಲಕ್ಕಿಂತ ಅದೇ ಇಷ್ಟವಾಗುತ್ತದೆ. ಅವನ ಮೇಲೆ ಕರುಣೆ ಬಂದರೆ ಕುರುಡುಮಲೆಯನ್ನು ಬಿಟ್ಟು ಅದನ್ನು ಸೇರಿಸಿಕೊಳ್ಳಿ. ಬಂಗಾರು ತಿರುಪತಿಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ, ಶನಿವಾರದ ನೂಕಿನಲ್ಲಂತೂ ಬೇಡ.

ಶಿವರಾತ್ರಿಗೆ ಹೋಗೋಣ ಎಂದು ಅತ್ತೆ ಹೇಳಬಹುದು. ಆಗ ನಂದಿಯಲ್ಲಿ ತೇರು, ಆವಣಿಯಲ್ಲಿ ದನಗಳ ಜಾತ್ರೆ. ಜಾತ್ರೆ ನೋಡಬೇಕಾದರೆ ಅದನ್ನೇ ನೋಡಲು ಹೋಗಬೇಕು, ದರ್ಶನವನ್ನು ಅದರ ಜೊತೆ ಬೆರೆಸಿದರೆ ಎರಡೂ ಸಿಗುವುದಿಲ್ಲ. ನಿಮಗೆ ಕಾರ್ತಿಕ ಕಳೆದ ಮೇಲಿನ ಚಳಿಗಾಲದ ವಾರದ ದಿನಗಳು ಸರಿ. ಸೋಮವಾರ ಶಿವನ ಗುಡಿಗಳಲ್ಲಿ ಜನ ಹೆಚ್ಚು, ಮಂಗಳವಾರ ಶುಕ್ರವಾರ ಅಮ್ಮನ ಗುಡಿಗಳಲ್ಲಿ. ಬುಧವಾರ ಹೊರಟು ಗುರುವಾರ ಹಿಂತಿರುಗಿ. ಕಾಯಿ ಒಡೆಯುವುದು, ದೀಪ ಹಚ್ಚುವುದು ಅರ್ಚಕರು ತೋರಿಸಿದ ಜಾಗದಲ್ಲೇ ಆಗಲಿ. ಸಂರಕ್ಷಿತ ಗುಡಿಯೆಂದರೆ ಪೂಜೆಯಿಲ್ಲ ಎಂದು ತಿಳಿಯಬೇಡಿ, ನಂದಿಯಲ್ಲೂ ಕೋಲಾರಮ್ಮನಲ್ಲೂ ನಿತ್ಯಪೂಜೆ ಇದೆ. ಕಂಬದ ಶಿಲ್ಪಕ್ಕೆ ಎಣ್ಣೆ, ಅರಿಶಿನ, ಕುಂಕುಮ ಹಚ್ಚುವುದು ಮಾತ್ರ ಬೇಡ. ಎಣ್ಣೆಯ ಮೇಲೆ ಧೂಳು ಕೂತು ಕೂತು ಮೂಗು, ಕಣ್ಣು ಎಲ್ಲ ಮುಚ್ಚಿಹೋದ ಎಷ್ಟೋ ಮೂರ್ತಿಗಳಿವೆ.

ಅತ್ತೆಯ ಚೀಲದಲ್ಲಿ ಎರಡು ಜೊತೆ ದಪ್ಪ ಹತ್ತಿಯ ಕಾಲುಚೀಲ ಇರಲಿ, ಬಿಸಿಲುಗಲ್ಲಿಗೆ ಬೇರೆ ಉಪಾಯವಿಲ್ಲ. ಮಡಚುವ ಸಣ್ಣ ಸ್ಟೂಲ್ ಒಂದು. ಹಳೆಯ ಗುಡಿಗಳಲ್ಲಿ ಮಂಡಿಗೆ ಪೆಟ್ಟು ಕೊಡುವುದು ಮೆಟ್ಟಿಲಿಗಿಂತ ಹೊಸ್ತಿಲು. ಮೊಣಕಾಲಿನ ಹತ್ತಿರಕ್ಕೆ ಬರುವ ಕಲ್ಲಿನ ಹೊಸ್ತಿಲನ್ನು ತುಳಿಯಬಾರದೆಂಬ ಭಕ್ತಿಗೆ ಅವರು ಕಾಲನ್ನು ಮತ್ತಷ್ಟು ಮೇಲೆತ್ತುತ್ತಾರೆ, ಆಚೆ ಬದಿಯಲ್ಲಿ ನೆಲ ಎಷ್ಟು ಕೆಳಗಿದೆಯೆಂದು ಕತ್ತಲೆಯಲ್ಲಿ ಕಾಣುವುದಿಲ್ಲ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ದಾಟಿಸಬೇಡಿ. ಬಾಗಿಲವಾಡದ ಬಳಿ ಒಂದು ನಿಮಿಷ ನಿಲ್ಲಿಸಿ, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನೀವು ಮೊದಲು ಒಳಗೆ ಇಳಿದು ಕೈ ಕೊಡಿ. ಮಗ ಹಿಂದಿರಲಿ.

ಇದೆಲ್ಲಕ್ಕೂ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಕೈದಾಳಕ್ಕೆ ಹೋಗಿ ಬನ್ನಿ. ಗೂಳೂರಿನ ಹತ್ತಿರ, ನಿಮ್ಮ ಮನೆಯಿಂದ ಅರ್ಧ ಗಂಟೆ. ಜಕಣಾಚಾರಿಗೆ ಕೈ ಮರಳಿ ಬಂದದ್ದು ಅಲ್ಲೇ ಎಂದು ಕಥೆ, ಚೆನ್ನಕೇಶವನ ಮುಂದೆ ನಿಂತು ಮಗನಿಗೆ ಕಪ್ಪೆಯ ಕಥೆ ಹೇಳಬಹುದು. ಅತ್ತೆ ಎಷ್ಟು ನಿಮಿಷ ನಿಲ್ಲಬಲ್ಲರು, ಮಗ ಎಷ್ಟು ನಿಮಿಷಕ್ಕೆ ಮೊಬೈಲ್ ಕೇಳುತ್ತಾನೆ ಎರಡನ್ನೂ ಗಡಿಯಾರ ನೋಡಿ ಬರೆದುಕೊಳ್ಳಿ. ಅತ್ತೆಗೆ ಇಪ್ಪತ್ತು ನಿಮಿಷ ದಾಟದಿದ್ದರೆ ನನ್ನ ಪಟ್ಟಿಯಿಂದಲೂ ಕುರುಡುಮಲೆಯನ್ನು ತೆಗೆದುಬಿಡಿ, ಕೋಲಾರಮ್ಮನಿಂದ ನೇರವಾಗಿ ಆವಣಿಗೆ ಹೋಗಿ.